ನಡುವಿನ ಪದರ

“ಕೆಟ್ಟದ್ದಾಗಲಿ ಅಂತ ಮಾಡಿದ್ದಲ್ಲ ಅಜ್ಜಿ. ಮಾಸ್ಕಿಗೆ ಮೂರು ಪದರ ಬಟ್ಟೆ ಇರ್ಬೇಕು ಅಂದ್ರು, ಹಾಗೇ ಹೊಲಿದೆ. ಎದುರುಮನೆ ಅಕ್ಕ ತಮ್ಮ ಹಳೇ ಹಸಿರು ಸೀರೆ ಕೊಟ್ಟು, ‘ನಮ್ಮೆಜಮಾನ್ರ ಮಾಸ್ಕಿಗೆ ನಡುವಿನ ಪದರ ಇದರದ್ದೇ ಹಾಕೇ, ಮೆತ್ತಗಿರುತ್ತೆ’ ಅಂದಿದ್ರು. ಆರು ಹೊಲಿದಿಟ್ಟಿದ್ದೆ. ಅಷ್ಟರಲ್ಲಿ ಅಕ್ಕನೇ ಮೊಬೈಲಿಗೆ ಒಂದು ವಿಡಿಯೋ ಕಳಿಸಿದ್ರು. ಬಿಳಿ ಕೋಟು ಹಾಕಿದ್ದ ಒಬ್ಬ, ದಪ್ಪ ಮಾಸ್ಕ್ ಕಟ್ಟಿದ್ರೆ ಬಿಟ್ಟ ಉಸಿರೇ ವಿಷ ಆಗಿ ಒಳಗೆ ಹೋಗುತ್ತೆ, ಉಬ್ಬಸ ಇರೋರು ಕೂತಲ್ಲೇ ಹೋಗ್ತಾರೆ ಅಂದ. ಎಷ್ಟು ಮೆತ್ತಗೆ ಹೇಳ್ದ ಗೊತ್ತಾ, ಮನೆಯವರೇ ಯಾರೋ ಹೇಳಿದ ಹಾಗೆ. ಅಕ್ಕನ ಯಜಮಾನ್ರು, ಅದೇ ನಮ್ಮ ಭಾವ, ಅವರಿಗೂ ಉಬ್ಬಸ. ಬಸ್ಸು ಓಡಿಸೋರು ಬೇರೆ. ಸ್ಟೇರಿಂಗ್ ಮೇಲೆ ಬಿದ್ದ ಹಾಗೇ ಕಣ್ಣಿಗೆ ಕಟ್ತು. ಆರನ್ನೂ ಬಿಚ್ಚಿ ನಡುವಿನ ಪದರ ತೆಗೆದೆ. ಹೊರಗಿಂದ ಯಾರಿಗೂ ಗೊತ್ತಾಗಲಿಲ್ಲ, ನನ್ನ ಹೊಲಿಗೆ ಅಂಥದ್ದು. ‘ಏನಮ್ಮ, ಕಟ್ಟಿದ್ದೇ ಗೊತ್ತಾಗಲ್ವಲ್ಲ’ ಅಂತ ಖುಷಿಪಟ್ರು ಭಾವ. ಮೂರು ವಾರಕ್ಕೆ ಕಾಯಿಲೆ ಬಂದು ಹೋಗೇಬಿಟ್ರು. ಆ ವಿಡಿಯೋ ಕಳಿಸಿದ್ದು ಅಕ್ಕನಿಗೆ ನೆನಪೂ ಇಲ್ಲ. ನಾನು ಮಾಡಿದ್ದು ಹೇಳಿದ್ರೆ ಅದನ್ನೂ ಹೇಳ್ಬೇಕು. ಹೇಗೆ ಹೇಳ್ಲಿ?”

ಇದನ್ನು ನನಗೆ ಹೇಳಿದವಳು ನಮ್ಮ ವಠಾರದ ದರ್ಜಿ. ಎಲ್ಲರೂ ಅವಳನ್ನು ಸೂಜಿ ಎಂದೇ ಕರೆಯುತ್ತೇವೆ. ಮೈಯೂ ಹಾಗೆ, ಮಾತೂ ಹಾಗೆ. ಒಂದೇ ಕೋಣೆ, ಕಿಟಕಿಯ ಕೆಳಗೆ ಮೆಷಿನ್ನು, ಅದರ ಪಕ್ಕ ನನಗೆ ಗುಂಡಿ ಹಾಕಲು ಒಂದು ಮಣೆ.

ಭಾವ ಹೋಗಿ ಎರಡು ತಿಂಗಳಾದ ಮೇಲೆ ಒಬ್ಬಳು ನರ್ಸ್ ಅಳತೆ ಕೊಡಲು ಬಂದಳು. ಸೂಜಿ ಮೆಲ್ಲಗೆ ಆ ವಿಷದ ಮಾತು ತೆಗೆದಳು. “ಬುರುಡೆ!” ಎಂದು ನಕ್ಕಳು ನರ್ಸ್. “ಆಪರೇಷನ್ ಮಾಡೋ ಡಾಕ್ಟ್ರು ಗಂಟೆಗಟ್ಟಲೆ ಕಟ್ಕೊಂಡೇ ಇರ್ತಾರೆ. ಎಷ್ಟು ಜನ ಸತ್ರು?”

ಆ ರಾತ್ರಿಯೇ ಸೂಜಿ ನನ್ನೆದುರು ಎಲ್ಲವನ್ನೂ ಹೇಳಿಕೊಂಡದ್ದು. ಅಂದಿನಿಂದ ಅವಳ ಕೈ ಕೆಟ್ಟಿತು. ಹೊಲಿದು ಮುಗಿಸಿದ ಕಾಲರನ್ನು ಮತ್ತೆ ಬಿಚ್ಚಿ, ಒಳಗೆ ಬಿಗಿಗೆಂದು ಇಡುವ ಕ್ಯಾನ್ವಾಸ್ ಪದರ ಇದೆಯೋ ಇಲ್ಲವೋ ಎಂದು ನೋಡುವಳು. ಇದ್ದೇ ಇರುತ್ತಿತ್ತು. ಹೊಲಿಯುವಳು, ಮತ್ತೆ ಬಿಚ್ಚುವಳು. “ನಿನ್ ಹತ್ರ ಮದುವೆಗೆ ಅಂತ ಅಂಗಿ ಕೊಟ್ರೆ, ಮಗು ನಡೆಯೋ ಹೊತ್ತಿಗೆ ಕೈಗೆ ಬರುತ್ತೆ” ಎಂದು ಗಿರಾಕಿಗಳು ಛೇಡಿಸುತ್ತಿದ್ದರು. ಅವಳೂ ನಗುತ್ತಿದ್ದಳು. ಬೆರಳು ಮಾತ್ರ ಯಾರದೋ ಸೆರಗನ್ನೋ ತೋಳನ್ನೋ ಹಿಡಿದು ಪದರ ಎಣಿಸುತ್ತಿತ್ತು.

“ಅದೊಂದು ಪದರ ಇದ್ದಿದ್ರೆ ಉಳೀತಿದ್ರಾ ಅಜ್ಜಿ?” ಎಂದು ದಿನವೂ ಕೇಳುವಳು. ಬಸ್ಸಿನ ತುಂಬ ಜನ, ಯಾರ ಕೆಮ್ಮೋ ಏನೋ, ಯಾರಿಗೆ ಗೊತ್ತು ಎನ್ನುತ್ತಿದ್ದೆ. ಗೊತ್ತಿಲ್ಲ ಎನ್ನುವುದೇ ಅವಳನ್ನು ತಿನ್ನುತ್ತಿತ್ತು.

ಒಂದು ಬೆಳಗ್ಗೆ ಅಕ್ಕ ಒಂದು ಪುಟ್ಟ ದಿಂಬು ಹಿಡಿದು ಬಂದರು. ಬಸ್ಸಿನ ಸೀಟಿಗೆಂದು ಸೂಜಿಯೇ ಭಾವನಿಗೆ ಹೊಲಿದುಕೊಟ್ಟದ್ದು. ಚೂರು ಬಟ್ಟೆಯನ್ನೂ ಎಸೆಯದವಳು, ಕತ್ತರಿಸಿ ಉಳಿದದ್ದನ್ನೆಲ್ಲ ಅದರೊಳಗೆ ತುಂಬಿದ್ದಳು.

“ಬಾಯಿ ಬಿಟ್ಟಿದೆ ಕಣೇ, ಒಂದೆರಡು ಹೊಲಿಗೆ ಹಾಕಿಕೊಡು,” ಎನ್ನುತ್ತ ಅಕ್ಕ ಇಣುಕುತ್ತಿದ್ದ ಬಟ್ಟೆಯನ್ನು ಎಳೆದರು. ಹಸಿರು. ಇನ್ನೊಂದು ಎಳೆದರು, ಅದೂ ಹಸಿರು. ಆರೂ ಬಂದವು, ಎಲ್ಲವೂ ಮಾಸ್ಕಿನ ಆಕಾರದವು.

“ನನ್ನ ಸೀರೆ ಅಲ್ವಾ ಇದು? ಅವರ ಮಾಸ್ಕೊಳಗೆ ಇರ್ಬೇಕಾದ್ದು ಇಲ್ಯಾಕಿದೆ?”

“ನಾನೇ ತೆಗೆದೆ ಅಕ್ಕ. ಭಾವನಿಗೆ ಉಸಿರು ಕಟ್ಟುತ್ತೆ ಅಂತ.”

“ಹಾಗಂತ ಯಾರೇ ಹೇಳಿದ್ದು ನಿಂಗೆ?”

ನನ್ನ ಕೈಯ ದಾರ ಅಲ್ಲೇ ನಿಂತಿತು.

“ಯಾರೂ ಇಲ್ಲ. ನನ್ನ ತಲೆಗೇ ಹೊಳೀತು.”

“ನಿನ್ನ ತಲೆಗಿಷ್ಟು ಬೆಂಕಿ ಹಾಕ! ಕತ್ತರಿ ಹಿಡಿದೋರೆಲ್ಲ ಡಾಕ್ಟ್ರಾಗಿಬಿಟ್ರಾ?” ಅಕ್ಕ ಆರು ಚೂರುಗಳನ್ನೂ ಎದೆಗೆ ಅವುಚಿಕೊಂಡು ಹೋದರು. ಎದುರುಮನೆಯ ಚಿಲಕ ಬಿತ್ತು.

“ನಿಜ ಹೇಳಬಹುದಿತ್ತಲ್ಲೇ” ಎಂದೆ.

“ಅವರಿಗೆ ಬೈಯೋಕೆ ನಾನಾದ್ರೂ ಇದ್ದೀನಿ ಅಜ್ಜಿ. ಆ ವಿಡಿಯೋ ಕಳಿಸಿದ್ದು ತಾವೇ ಅಂತ ಗೊತ್ತಾದ್ರೆ ತಮ್ಮನ್ನೇ ತಾವು ಬೈಕೋಬೇಕು. ಅದು ಹೆಂಗಿರುತ್ತೆ ಅಂತ ನಂಗೊತ್ತು.”

ಕೆಳಗೆ ವಠಾರದ ನಲ್ಲಿಯಲ್ಲಿ ನೀರು ಬಂದ ಸದ್ದಾಯಿತು. ಬಾಗಿಲು ಹಾಕಿಕೊಂಡ ಅಕ್ಕ ಇಳಿದು ಬರುವಂತೆ ಕಾಣಲಿಲ್ಲ. ಸೂಜಿ ಇಳಿದು ಹೋಗಿ, ಸಾಲಿನಲ್ಲಿದ್ದ ಅವರ ಬಕೆಟ್ ಎಳೆದು ನಲ್ಲಿಗೆ ಹಿಡಿದಳು. ತುಂಬಿದ್ದನ್ನು ಹೊತ್ತು ತಂದು ಎದುರುಮನೆಯ ಹೊಸ್ತಿಲ ಬಳಿ ಸದ್ದಾಗದಂತೆ ಇಟ್ಟಳು. ಆಮೇಲೆ ತನ್ನ ಬಕೆಟ್ ತುಂಬಲು ಮತ್ತೆ ಕೆಳಗಿಳಿದಳು.