ಹೊರಗೆ ಕಟ್ಟಿದ ನಾಯಿ

ತೊಂಬತ್ತೆಂಟರಲ್ಲಿ ನಾನು ಕೋಟದಲ್ಲಿ ಬಾಡಿಗೆಗೆ ಹಿಡಿದದ್ದು ಒಂದು ಕೋಣೆ, ಒಂದು ಅಡುಗೆಮೂಲೆ. ಮುಂದಿನ ಮನೆಯಲ್ಲಿ ಒಡತಿ ಒಬ್ಬರೇ ಇದ್ದರು. ಗಂಡ ಮುಂಬೈಯ ಹೋಟೆಲಿನಲ್ಲಿ. ನನ್ನ ಸಾಮಾನೆಂದರೆ ಒಂದು ಹೊಲಿಗೆ ಮೆಷಿನ್ನು, ಎರಡು ಟ್ರಂಕು, ಒಂದು ಕಂದು ನಾಯಿ.

ಹದಿನೆಂಟನೆಯ ವಯಸ್ಸಿನಲ್ಲಿ ಬಂದ ಜ್ವರ ನನ್ನ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು. ಮಾತು ಉಳಿದಿತ್ತು. ಎದುರಿನವರ ತುಟಿ ನೋಡಿ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಊಹೆ. ನಾಯಿ ಉಪ್ಪುಂದದ ನಮ್ಮ ಮನೆಯದೇ, ಜಾತಿಗೀತಿ ಇಲ್ಲದ್ದು. ಅಣ್ಣ ಬಾಗಿಲು ಬಡಿಯುವುದು, ನಾಯಿ ಬಂದು ನನ್ನ ಮಂಡಿಗೆ ಮೂತಿ ಒತ್ತಿದರೆ ಒಂದು ತುಂಡು ಒಣಮೀನು, ಹೀಗೆ ಕಲಿಸಿದೆವು. ಆಮೇಲೆ ಒಣಮೀನು ಇಲ್ಲದಿದ್ದರೂ ಬರುತ್ತಿತ್ತು. ಬಾಗಿಲು, ಕುಕ್ಕರಿನ ಸೀಟಿ, ಯಾರಾದರೂ ನನ್ನನ್ನು ಕರೆದದ್ದು, ಎಲ್ಲಕ್ಕೂ ಅದೇ ಮೂತಿ.

ಒಡತಿ ಕೆಟ್ಟವರಲ್ಲ. "ನಾಯಿ ಇರ್ಲಿ ಮಾರಾಯ್ತಿ, ಬ್ಯಾಡ ಅಂತಿಲ್ಲೆ. ಆರೆ ಒಳ್ಗ್ ಬಪ್ಪುಕಾಗ," ಎಂದರು. ನಮ್ಮ ಕಡೆ ನಾಯಿ ಎಂದರೆ ಅಂಗಳದ್ದು: ಹಗಲು ಕಟ್ಟಬೇಕು, ರಾತ್ರಿ ಬಿಡಬೇಕು, ಹೊಸ್ತಿಲು ದಾಟಿದರೆ ಮನೆ ತೊಳೆಯಬೇಕು. ತೆಂಗಿನ ಬುಡದಲ್ಲಿ ಚೈನು ಹಾಕಿಸಿಯೂ ಕೊಟ್ಟರು. ದೊಡ್ಡ ಮನಸ್ಸು ಮಾಡಿದ್ದೇನೆ ಎಂದೇ ಅವರು ತಿಳಿದಿದ್ದರು.

ಹೊರಗೆ ಕಟ್ಟಿದ ನಾಯಿ ಕಿವಿ ಇದ್ದವರಿಗೆ ಆಗುತ್ತದೆ. ಬ್ಲೌಸು ಹೊಲಿಸಲು ಬಂದವರು ಅದರ ಬೊಗಳಾಟಕ್ಕೆ ಹೆದರಿ ಗೇಟಿನಿಂದಲೇ ವಾಪಸಾಗುತ್ತಿದ್ದರಂತೆ; ನಾನು ಒಳಗೆ ಗಿರಾಕಿಗಳೇ ಇಲ್ಲವೆಂದು ತಲೆ ಕೆಡಿಸಿಕೊಂಡು ಕೂತಿರುತ್ತಿದ್ದೆ. ಒಡತಿಗೆ ವಿವರಿಸಿ ಹೇಳಿದೆ, ಚೀಟಿಯಲ್ಲಿ ಬರೆದೂ ಕೊಟ್ಟೆ. ಅಯ್ಯೋ ಪಾಪ ಎನ್ನುವ ಮುಖ ಮಾಡಿ ತಲೆಯಾಡಿಸಿದರು, ಚೈನು ಬಿಚ್ಚಲು ಬಿಡಲಿಲ್ಲ.

ಅಂಗವಿಕಲರಿಗೆ ಕಾಯ್ದೆ ಬಂದಿದೆ ಎಂದು ಪೇಪರಿನಲ್ಲಿ ಓದಿ, ಸರ್ಟಿಫಿಕೇಟು ಹಿಡಿದು ಕಚೇರಿಯೊಂದಕ್ಕೆ ಹೋದೆ. ಗುಮಾಸ್ತರು ನಕ್ಕರು. "ಬಸ್ ಪಾಸ್ ಬೇಕಾರೆ ಅರ್ಜಿ ಕೊಡಿ. ನಾಯಿಗೆಂತ ಕಾಯ್ದೆ?" ಬೇರೆ ಕೋಣೆ ಹುಡುಕಿದೆ, ಕಿವುಡಿಯಾದರೆ ಅಡ್ಡಿಯಿಲ್ಲ, ನಾಯಿ ಬೇಡ ಎಂದರು ಎಲ್ಲರೂ. ನಾಯಿಯನ್ನು ಉಪ್ಪುಂದಕ್ಕೆ ಕಳಿಸುವುದೋ, ನಾನೇ ಹೊಲಿಗೆ ನಿಲ್ಲಿಸಿ ವಾಪಸು ಹೋಗುವುದೋ ಎಂಬಲ್ಲಿಗೆ ಬಂತು.

ನಾನು ಬಂದ ಎಂಟನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಒಡತಿ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ನಾನು ಹತ್ತು ಹೆಜ್ಜೆ ಆಚೆ, ಬಾಗಿಲಿಗೆ ಬೆನ್ನು ಹಾಕಿ ಬ್ಲೌಸಿನ ತೋಳು ಕೂಡಿಸುತ್ತಿದ್ದೆ. ಅವರು ಕೂಗಿದರಂತೆ, ನಾಯಿ ಚೈನು ಎಳೆದೆಳೆದು ಬೊಗಳಿತಂತೆ. ಮೀನಿನ ಹೆಂಗಸು ಬಂದು ನನ್ನ ಹೆಗಲು ಹಿಡಿದು ಅಲುಗಿಸುವಾಗ ಒಂದು ಗಂಟೆ ಕಳೆದಿತ್ತು.

ಪ್ಲಾಸ್ಟರ್ ಕಟ್ಟಿಸಿಕೊಂಡು ಬಂದವರು ನನ್ನನ್ನು ಕರೆಸಿದರು. "ಎಷ್ಟ್ ಕೂಗ್ದೆ ಮಾರಾಯ್ತಿ! ನಾಯಿಯೂ ಕೂಗ್ತಿತ್ತ್. ನಿಂಗ್ ಒಂಚೂರೂ ಗೊತ್ತಾಯ್ಲಿಲ್ಯಾ?"

"ಹೊರ್ಗ್ ಕೂಗಿರೆ ನಂಗ್ ಹ್ಯಾಂಗ್ ಗೊತ್ತಾತ್ತ್ ಅಕ್ಕಾ? ಅದ್ ಒಳ್ಗ್ ಬಂದ್ ನನ್ನ್ ಮುಟ್ಟಿರೆ ಗೊತ್ತಾತ್ತ್."

ಅವರು ತೆಂಗಿನ ಬುಡದ ಕಡೆಗೆ ಕೈ ತೋರಿಸಿದರು. "ಹಂಗಾರೆ ಚೈನ್ ಬಿಚ್ಚ್. ನಾಳೆ ನಂಗೆಂತಾರೂ ಆರೆ ಯಾರ್ ಬಪ್ಪುದ್?"

ಬಿಚ್ಚಿದೆ. ನಾಯಿ ನೆಟ್ಟಗೆ ಒಳಗೆ ಬಂದು ಮೆಷಿನಿನ ಅಡಿ ಮಲಗಿತು. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಎಂಟು ತಿಂಗಳು ನನಗಾಗಿ ಕೇಳಿದಾಗ ಆಗದ್ದು ಅವರಿಗಾಗಿ ಒಂದೇ ದಿನದಲ್ಲಿ ಆಗಿತ್ತು. ಕಾಲು ಮುರಿದು ಕೂತವರ ಮುಂದೆ ಅದನ್ನು ಹೇಳುವುದು ಹೇಗೆ? ಉಪಕಾರವಾಯಿತು ಅಕ್ಕಾ ಎಂದೆ. ಹಾಗೆ ಅಂದದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.