ಅಕ್ಕನ ದೊಡ್ಡ ಪಾತಿ

ನಮ್ಮಕ್ಕನನ್ನು ಬೀದಿಯವರೆಲ್ಲ ಮಣ್ಣಕ್ಕ ಎನ್ನುತ್ತಾರೆ. ಎದುರಿಗೇ ಎನ್ನುತ್ತಾರೆ, ಅವಳಿಗೂ ಅದು ಇಷ್ಟವೇ. ಅವಳು ಮದುವೆಯಾಗಿ ಬಂದಾಗ ಮನೆಯ ಹಿಂದಿನ ನೆಲ ಕಲ್ಲಿನ ಹಾಗಿತ್ತು, ಗುದ್ದಲಿ ಹಾಕಿದರೆ ಕೈ ಜುಮ್ಮೆನ್ನುತ್ತಿತ್ತು. ತರಗೆಲೆ, ಸಗಣಿ, ತರಕಾರಿ ಸಿಪ್ಪೆ, ಸಿಕ್ಕಿದ್ದನ್ನೆಲ್ಲ ಕೊಳೆಸಿ ಹಾಕಿ ಅದನ್ನು ದೊಡ್ಡ ಪಾತಿ ಮಾಡಿದಳು. ಈಗ ಅಲ್ಲಿ ಬರಿಗೈಯಲ್ಲೇ ಮಣ್ಣು ತೋಡಬಹುದು, ಎಲ್ಲಿ ಕೆದಕಿದರೂ ಎರೆಹುಳು. ಅದರ ಮೇಲೆ ಕಾಲಿಡುವ ಹಾಗಿಲ್ಲ. ನಾನೊಮ್ಮೆ ಇಟ್ಟು ಬೈಸಿಕೊಂಡದ್ದು ಇನ್ನೂ ಕಿವಿಯಲ್ಲಿದೆ.

ಭಾವ ಅವಳಿಗೆ ತದ್ವಿರುದ್ಧ. ಅವರು ಕುರ್ಚಿ ಬಿಟ್ಟು ಏಳಬೇಕಾದರೆ ಮನೆಗೆ ಬೆಂಕಿ ಬೀಳಬೇಕು.

ಈ ಸಲ ಬಿತ್ತನೆಗೆ ಮುಂಚೆ ಅಕ್ಕ ಪಕ್ಕದೂರಿನ ಕುದುರೆ ಲಾಯದಿಂದ ಒಂದು ಗಾಡಿ ಲದ್ದಿ ತರಿಸಿ ಗೇಟಿನ ಹತ್ತಿರ ಸುರಿಸಿದಳು.

"ಗುರುತು ಪರಿಚಯ ಇಲ್ಲದವರ ಹತ್ರ ಯಾಕೆ ತಗೋತೀಯ?" ಎಂದು ಭಾವ ಗೊಣಗಿದರು.

"ಸುಮ್ನಿರಿ, ನಿಮಗೇನು ಗೊತ್ತು!"

ಬಾಗಿಲ ಬಳಿಯ ಟೊಮೆಟೊ ಕುಂಡಗಳಿಗೆ ತಾನೇ ಲದ್ದಿ ಹಾಕಿದಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಾಲು ಉಳುಕಿತು. ದೊಡ್ಡ ಪಾತಿಗೆ ಹರಡುವ ಕೆಲಸ ಭಾವನ ಹೆಗಲಿಗೆ ಬಿತ್ತು. ಹರಡಿಯೂ ಹರಡಿದರು, ಅಬ್ಬಾ! ನಮಗೆಲ್ಲ ಆಶ್ಚರ್ಯ.

ಅಕ್ಕ ಎದ್ದು ಓಡಾಡುವ ಹೊತ್ತಿಗೆ ಕುಂಡದ ಟೊಮೆಟೊ ಎಲೆಗಳೆಲ್ಲ ಮುರುಟಿಕೊಂಡಿದ್ದವು. ಲಾಯದವನಿಗೆ ಫೋನ್ ಮಾಡಿದರೆ, ಹುಲ್ಲು ಹೊರಗಿನಿಂದ ಕೊಳ್ಳುವುದು, ಅದಕ್ಕೆ ಕಳೆನಾಶಕ ಹೊಡೆದಿದ್ದರೂ ಹೊಡೆದಿರಬಹುದು ಎಂದ. ಎಷ್ಟು ಸಲೀಸಾಗಿ ಅಂದುಬಿಟ್ಟ ಮಹಾರಾಯ! ಅಂಥ ಹುಲ್ಲು ತಿಂದ ಕುದುರೆ ಚೆನ್ನಾಗಿಯೇ ಇರುತ್ತದೆ. ಔಷಧ ಮಾತ್ರ ಲದ್ದಿಯಲ್ಲಿ ಉಳಿದು ಮಣ್ಣು ಸೇರುತ್ತದೆ. ಆಮೇಲೆ ಬಹಳ ಕಾಲ ಅಲ್ಲಿ ಟೊಮೆಟೊ, ಬೀನ್ಸ್ ಯಾವುದೂ ನೆಟ್ಟಗೆ ಬರುವುದಿಲ್ಲ.

"ನನ್ನ ಪಾತಿಗೆ ನಾನೇ ವಿಷ ಹಾಕಿಸ್ದೆ ಕಣೇ," ಎಂದು ಅಕ್ಕ ನನ್ನ ಹೆಗಲ ಮೇಲೆ ಬಿದ್ದು ಅತ್ತಳು. "ನಿಮ್ಮ ಭಾವನಿಗೆ ಹೇಳ್ಬೇಡ. ಬೇಡ ಅಂದಿದ್ರು. ಗೊತ್ತಾದ್ರೆ ಸಾಯೋವರೆಗೂ ಆಡ್ಕೊಂಡು ನಗ್ತಾರೆ."

ಪರೀಕ್ಷೆ ಮಾಡೋಣ ಎಂದೆ. ಕೆಂಪು ಲೋಟಗಳಲ್ಲಿ ಗೇಟಿನ ಹತ್ತಿರ ಮಿಕ್ಕಿದ್ದ ಲದ್ದಿ ಬೆರೆಸಿದ ಮಣ್ಣು, ಬಿಳಿ ಲೋಟಗಳಲ್ಲಿ ದೊಡ್ಡ ಪಾತಿಯ ಮಣ್ಣು. ಎಲ್ಲದರಲ್ಲೂ ಬೀನ್ಸ್ ಬೀಜ ಊರಿ ಅಡುಗೆಮನೆ ಕಿಟಕಿಯಲ್ಲಿ ಸಾಲಾಗಿ ಇಟ್ಟೆವು.

"ಏನು, ಅಕ್ಕ ತಂಗಿ ಇಬ್ರೂ ಮತ್ತೆ ಸ್ಕೂಲಿಗೆ ಸೇರಿದ್ರಾ?" ಎಂದರು ಭಾವ. ಅಕ್ಕನಿಗೆ ಊಟ ಸೇರುತ್ತಿರಲಿಲ್ಲ, ನೀರು ಕುಡಿಯುವ ನೆಪದಲ್ಲಿ ಹೋಗಿ ಹೋಗಿ ಕಿಟಕಿ ನೋಡುತ್ತಿದ್ದಳು.

ಸಸಿ ಬಂದವು. ಕೆಂಪು ಲೋಟದವು ಮುರುಟಿದವು. ಬಿಳಿ ಲೋಟದವು ಎಲೆ ಅಗಲಿಸಿ ನೆಟ್ಟಗೆ ನಿಂತವು.

"ಲೋಟ ಅದಲು ಬದಲು ಮಾಡಿದ್ಯೇನೇ?"

"ನನ್ನನ್ನೇ ಅನುಮಾನಿಸ್ತೀಯಾ? ಹೋಗಿ ನಿನ್ನ ಗಂಡನ್ನ ಕೇಳು!" ಎಂದು ರೇಗಿದೆ.

ಕೇಳಿಯೇಬಿಟ್ಟಳು. "ರೀ, ಪಾತಿಗೆ ಯಾವ ಗೊಬ್ಬರ ಹಾಕಿದ್ರಿ?"

ಭಾವನ ಮುಖ ಪೆಚ್ಚಾಯಿತು. "ಬೈಬೇಡ ಮಾರಾಯ್ತಿ. ಗೇಟಿಂದ ಅಷ್ಟು ದೂರ ಯಾರು ಹೊರ್ತಾರೆ? ಸಸಿಗೆ ಅಂತ ಎತ್ತಿಟ್ಟಿದ್ಯಲ್ಲ, ಟಾರ್ಪಾಲು ಮುಚ್ಚಿದ ಹಳೇ ಗೊಬ್ಬರದ ರಾಶಿ, ಅದು ಪಾತಿ ಪಕ್ಕದಲ್ಲೇ ಇತ್ತು. ಅದನ್ನೇ ಎಳೆದು ಹಾಕ್ದೆ. ನಿಂಗೆ ಗೊತ್ತಾಗ್ಬಾರ್ದು ಅಂತ ಟಾರ್ಪಾಲಿನ ಕೆಳಗೆ ತರಗೆಲೆ ತುಂಬಿಟ್ಟಿದೀನಿ. ಲದ್ದಿ ರಾಶಿ ಹತ್ರ ನಾನು ಹೋಗೇ ಇಲ್ಲ."

ಅಕ್ಕ ಅವರ ಎರಡೂ ಕೈ ಹಿಡಿದುಕೊಂಡಳು. "ಸದ್ಯ! ಬದುಕಿದೆ!" ಎಂದು ನಗುತ್ತಾ ಅಳುತ್ತಾ ಎಲ್ಲ ಹೇಳಿದಳು. ನನ್ನ ಎದೆಯ ಮೇಲಿನ ಭಾರವೂ ಇಳಿಯಿತು. ಭಾವ ಕೇಳಿಸಿಕೊಂಡರು. ಆಡಿಕೊಳ್ಳಲಿಲ್ಲ. "ಒಬ್ಳೇ ಇಷ್ಟು ಹೊತ್ಕೊಂಡು ತಿರುಗ್ತಿದ್ಯಾ?" ಎಂದರು ಅಷ್ಟೇ.

ಲದ್ದಿಯನ್ನು ವಾಪಸು ಒಯ್ಯಲು ಲಾಯದವನ ಗಾಡಿ ಬಂದಾಗ ಅಕ್ಕ ಬೀನ್ಸ್ ಬೀಜದ ಬುಟ್ಟಿ ಹಿಡಿದು ಹಿತ್ತಲಿಗೆ ಹೊರಟಿದ್ದಳು. ಸಹಾಯಕ್ಕೆ ಬರಲೇ ಎಂದು ಭಾವ ಬಾಯಿಮಾತಿಗೆ ಕೇಳಿದರು.

"ಖಂಡಿತ ಬೇಡ," ಎಂದ ಅಕ್ಕ, ಅವರ ಕುರ್ಚಿಯನ್ನು ತಾನೇ ಎತ್ತಿ ತಂದು ಪಾತಿಯ ಪಕ್ಕ ನೆರಳಲ್ಲಿ ಹಾಕಿದಳು.