ಸರಪಳಿಯ ಈಚೆ ನಿಂತ ಪುಸ್ತಕದ ಗಾಡಿ

ನನ್ನ ದೊಡ್ಡಮ್ಮ ಪುಸ್ತಕದ ಗಾಡಿ ಓಡಿಸುತ್ತಾಳೆ. ಪೇಟೆಯ ಸಾರ್ವಜನಿಕ ಗ್ರಂಥಾಲಯದಿಂದ ಹೊರಟು, ಸುತ್ತಲಿನ ಹಳ್ಳಿಗಳಿಗೆ ಪುಸ್ತಕ ಮುಟ್ಟಿಸಿ, ಓದಿ ಮುಗಿಸಿದ್ದನ್ನು ವಾಪಸು ತರುವ ನೀಲಿ ವ್ಯಾನು ಅದು. ಹಳ್ಳಿಯ ಅಂಚಿಗೆ ಬಂದ ಕೂಡಲೇ ಉದ್ದಕ್ಕೆ ಹಾರ್ನ್ ಹೊಡೆಯುವುದು ಅವಳ ಅಭ್ಯಾಸವಾದ್ದರಿಂದ ಜನ ಅವಳನ್ನು ಹಾರ್ನಕ್ಕ ಎಂದೇ ಕರೆಯುತ್ತಾರೆ.

ಗಾಡಿ ಓಡಿಸುವುದನ್ನು ಅವಳು ಕಲಿತದ್ದು ನಮ್ಮ ಅಜ್ಜನ ತರಕಾರಿ ಲಾರಿಯಲ್ಲಿ. ಅಜ್ಜನಿಗೆ ಬೆನ್ನುನೋವು ಬಂದು ಕೂತಾಗ ಇವಳು ಯಾರನ್ನೂ ಕೇಳದೆ ಸ್ಟೇರಿಂಗ್ ಹಿಡಿದಳು. ಗ್ರಂಥಾಲಯಕ್ಕೆ ಡ್ರೈವರ್ ಬೇಕೆಂದು ತಿಳಿದಾಗ ಹೋಗಿ ಅರ್ಜಿ ಹಾಕಿದಳು. ಸಂದರ್ಶನದಲ್ಲಿ ಒಬ್ಬರು ನಗುತ್ತಾ, "ದಾರೀಲಿ ಟಯರ್ ಪಂಕ್ಚರ್ ಆದ್ರೆ ಏನಮ್ಮಾ ಮಾಡ್ತೀಯ?" ಎಂದು ಕೇಳಿದರಂತೆ. ದೊಡ್ಡಮ್ಮ ಕಿಟಕಿಯಾಚೆ ನೋಡಿ, "ಹೊರಗೆ ನಿಮ್ಮ ಕಾರು ನಿಂತಿದೆ ಸಾರ್. ಯಾವ ಚಕ್ರ ಬಿಚ್ಚಲಿ ಹೇಳಿ" ಎಂದಳಂತೆ. ಅವರು ಯಾವ ಚಕ್ರವನ್ನೂ ಹೇಳಲಿಲ್ಲ. ಕೆಲಸ ಸಿಕ್ಕಿತು.

ವ್ಯಾನಿನ ಒಳಗಿನ ಕಪಾಟುಗಳನ್ನು ಮಾಡಿದ್ದು ನಮ್ಮ ದೊಡ್ಡಪ್ಪ. ಅವನು ಬಡಗಿ, ಮಾತು ಕಡಿಮೆ. ಏರಿನಲ್ಲಿ ಪುಸ್ತಕಗಳು ಉರುಳದಿರಲೆಂದು ಹಲಗೆಗಳನ್ನು ಹಿಂದಕ್ಕೆ ವಾಲಿಸಿ, ಮುಂದೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದ್ದ. ಹಿಂದಿನ ಬಾಗಿಲು ತೆಗೆದರೆ ಡೀಸೆಲ್ಲೂ ಹಳೇ ಅಂಟೂ ಬೆರೆತ ವಾಸನೆ ಗಪ್ಪನೆ ಬಡಿಯುತ್ತಿತ್ತು. ಬಾಗಿಲ ಕೆಳಗಿನ ಮೆಟ್ಟಿಲ ಮೇಲೆ ಯಾರಾದರೊಬ್ಬರು ಕೂತೇ ಇರುತ್ತಿದ್ದರು.

ಅವಳ ದಾರಿಯ ಕೊನೆಯ ನಿಲುಗಡೆ ಗುಡ್ಡದ ಮೇಲಿನ ಕಲ್ಲುಕ್ವಾರಿ. ಅಲ್ಲಿ ಕೆಲಸಗಾರರ ತಗಡಿನ ಮನೆಗಳ ಸಾಲುಗಳಿದ್ದವು. ಅದಕ್ಕೆ ಲೈನು ಎನ್ನುತ್ತಿದ್ದರು. ಗಿಡದೆಲೆ, ಬಟ್ಟೆ ಒಣಗುವ ಹಗ್ಗ, ಮಲಗಿದ ನಾಯಿ, ಎಲ್ಲದರ ಮೇಲೂ ಬೂದುಬಣ್ಣದ ದೂಳು. ಆ ಲೈನಿನಲ್ಲಿ ಜಲ್ಲಿ ಒಡೆಯುವ ಹೆಂಗಸೊಬ್ಬಳಿದ್ದಳು. ಮೊದಮೊದಲು ಮಗಳಿಗೆಂದು ಚಿತ್ರದ ಪುಸ್ತಕ ಒಯ್ಯುತ್ತಿದ್ದಳು. ಮಗಳ ಜೊತೆ ಕೂತು ಅಕ್ಷರ ಕೂಡಿಸಿ ಓದುವುದನ್ನು ತಾನೂ ಕಲಿತಳು. ಆಮೇಲೆ ಮಗಳನ್ನು ಬಿಟ್ಟು ತನಗೇ ಪುಸ್ತಕ ಆರಿಸಿಕೊಳ್ಳತೊಡಗಿದಳು. ಒಂದು ದಿನ ಮೆಟ್ಟಿಲ ಬಳಿ ಬಂದು ದನಿ ತಗ್ಗಿಸಿ ಕೇಳಿದಳು.

"ಅಕ್ಕಾ, ಕೆಮ್ಮಿನ ವಿಷಯದ್ದು ಏನಾದ್ರೂ ಪುಸ್ತಕ ಇದ್ಯಾ?"

"ಯಾರಿಗೆ ಕೆಮ್ಮು?"

"ನಮ್ಮ ಮನೆಯವ್ರಿಗೆ. ಡ್ರಿಲ್ಲಿಂಗ್ ಮಾಡ್ತಾರಲ್ಲ. ಪಕ್ಕದ ಮನೆಯವ್ರಿಗೂ ಇದೆ. ಅದರ ಪಕ್ಕದ ಮನೆಯವರು ಹೋಗೇಬಿಟ್ರು. ಬೀಡಿ ಸೇದೋದಕ್ಕೆ ಅಂತಾರೆ ಕ್ವಾರಿ ಯಜಮಾನ್ರು. ನಮ್ಮವರು ಬೀಡಿ ಮುಟ್ಟಿದವರೇ ಅಲ್ಲ."

ದೊಡ್ಡಮ್ಮ ಪೇಟೆಗೆ ಮರಳಿ ಕೇಂದ್ರ ಗ್ರಂಥಾಲಯದ ಆರೋಗ್ಯ ವಿಭಾಗದಲ್ಲಿ ಹುಡುಕಿದಳು. ಕಲ್ಲಿನ ದೂಳಿನಿಂದ ಎದೆಗೆ ಬರುವ ಕಾಯಿಲೆಯ ಬಗ್ಗೆ ಕೆಲಸಗಾರರಿಗಾಗಿಯೇ ಬರೆದ ತೆಳ್ಳನೆಯ ಪುಸ್ತಕ ಸಿಕ್ಕಿತು. ಇದ್ದ ಪ್ರತಿಗಳನ್ನೆಲ್ಲ ಗಾಡಿಗೆ ಹಾಕಿಕೊಂಡಳು. ಮುಂದಿನ ವಾರ ಲೈನಿನ ಹೆಂಗಸರು ಮೆಟ್ಟಿಲ ಸುತ್ತ ಕೂತರು, ಜಲ್ಲಿ ಒಡೆಯುವವಳು ಗಟ್ಟಿಯಾಗಿ ಓದಿದಳು. ಕೊರೆಯುವಾಗ ನೀರು ಹಾಯಿಸಬೇಕು, ಮೂಗಿಗೆ ಮಾಸ್ಕು ಕೊಡಬೇಕು, ಎದೆಯ ಎಕ್ಸ್‌ರೇ ತೆಗೆಸಬೇಕು, ಇದೆಲ್ಲ ಕೆಲಸ ಕೊಟ್ಟವರ ಹೊಣೆ ಎಂದು ಅದರಲ್ಲಿತ್ತು. ಅವಳು ಆ ಕೊನೆಯ ಮಾತನ್ನು ಮತ್ತೊಮ್ಮೆ ಓದಿದಳು. ಹಿಂದೆ ನಿಂತಿದ್ದ ಗಂಡಸರಲ್ಲೊಬ್ಬ, "ಇನ್ನೊಂದ್ಸಲ ಓದವ್ವಾ" ಎಂದ.

ಮರುದಿನ ಬೆಳಿಗ್ಗೆ ಡ್ರಿಲ್ಲಿಂಗಿನವರು ಮೆಷಿನ್ ಮುಟ್ಟಲಿಲ್ಲ. ನೀರಿನ ಪೈಪು ಬರಲಿ, ಆಮೇಲೆ ಕೆಲಸ ಎಂದರು. ಕ್ವಾರಿಯ ಯಜಮಾನ ಬಂದು ಕೂಗಾಡಿದ, ಹೆದರಿಸಿದ, ಕೊನೆಗೆ ನೋಡೋಣ ಎಂದು ಹೇಳಿ ಕೆಲಸಕ್ಕೆ ಇಳಿಸಿದ. ಪೈಪಂತೂ ಬರಲಿಲ್ಲ. ಇದನ್ನೆಲ್ಲ ತಲೆಗೆ ತುಂಬಿದ್ದು ಯಾರೆಂಬುದನ್ನು ಮಾತ್ರ ಅವನು ಬೇಗನೆ ಪತ್ತೆಮಾಡಿದ.

ಈ ಯಜಮಾನ ಗ್ರಂಥಾಲಯದ ಸಮಿತಿಯಲ್ಲೂ ಇದ್ದ. ಗ್ರಂಥಾಲಯಕ್ಕೆ ಏಳುತ್ತಿದ್ದ ಹೊಸ ಕಟ್ಟಡದ ಜಲ್ಲಿ, ಕಲ್ಲು, ಚಾವಣಿ ಎಲ್ಲ ಅವನ ದಾನ. ಹಾಗಾಗಿ ಮುಂದಿನ ಸಭೆಯಲ್ಲಿ ಕ್ವಾರಿ ಲೈನಿನ ನಿಲುಗಡೆ ರದ್ದಾಯಿತು. ರಸ್ತೆ ಚೆನ್ನಾಗಿಲ್ಲ, ಓದುವವರು ಕಮ್ಮಿ, ಪುಸ್ತಕಗಳು ಕೊಳೆಯಾಗಿ ಬರುತ್ತವೆ ಎಂದು ಕಾರಣ ಕೊಟ್ಟರು.

ಗ್ರಂಥಪಾಲಕರು ದೊಡ್ಡಮ್ಮನನ್ನು ಕರೆಸಿದರು. ಅವರು ಒಳ್ಳೆಯವರು, ಆದರೆ ಪುಕ್ಕಲು. ಫೋನು ರಿಂಗಾದರೂ ಬೆಚ್ಚುವ ಮನುಷ್ಯ.

"ನೋಡಮ್ಮಾ, ನೀನು ಡ್ರೈವರು. ಯಾರಿಗೆ ಯಾವ ಪುಸ್ತಕ ಅನ್ನೋದರಲ್ಲಿ ನೀನ್ಯಾಕೆ ಮೂಗು ತೂರಿಸೋಕೆ ಹೋದೆ?"

"ಕೇಳಿದ ಪುಸ್ತಕ ತಂದುಕೊಡೋದು ಯಾರ ಕೆಲಸ ಸಾರ್?"

"ಅದು ಬೇರೆ, ಇದು ಬೇರೆ."

"ಎರಡೂ ಒಂದೇ. ಅಡುಗೆ ಪುಸ್ತಕ ಕೇಳಿದ್ರೆ ಕೊಡ್ತೀವಿ, ಕತೆ ಪುಸ್ತಕ ಕೇಳಿದ್ರೆ ಕೊಡ್ತೀವಿ. ಗಂಡ ಯಾಕೆ ಕೆಮ್ತಾನೆ ಅಂತ ಕೇಳಿದ್ರೆ ಮಾತ್ರ ಬಾಯಿಗೆ ಬೀಗ ಹಾಕ್ಕೋಬೇಕಾ?"

ಅವರು ಕನ್ನಡಕ ತೆಗೆದು ಒರೆಸಿದರು. "ಆ ನಿಲುಗಡೆ ಇಲ್ಲ. ಇಷ್ಟೇ ನಾನು ಹೇಳಬಲ್ಲೆ."

ದೊಡ್ಡಮ್ಮ ಆ ಮಾತಿಗೆ ಸೊಪ್ಪು ಹಾಕಲಿಲ್ಲ. ಎಂದಿನ ದಿನ ಎಂದಿನ ಹೊತ್ತಿಗೆ ಗುಡ್ಡ ಹತ್ತಿದಳು. ಕ್ವಾರಿಯ ರಸ್ತೆ ಶುರುವಾಗುವಲ್ಲಿ ಎರಡು ಕಲ್ಲುಕಂಬಗಳ ನಡುವೆ ದಪ್ಪ ಸರಪಳಿ ಬಿಗಿದಿತ್ತು. ಅವಳು ಸರಪಳಿಗೆ ಗಾಡಿಯ ಮೂಗು ತಾಗುವಷ್ಟು ಹತ್ತಿರ ನಿಲ್ಲಿಸಿ ಹಾರ್ನ್ ಒತ್ತಿದಳು. ಒತ್ತಿದವಳು ಕೈ ತೆಗೆಯಲಿಲ್ಲ. ಗುಡ್ಡವೆಲ್ಲ ಮೊಳಗಿತು. ಮೊದಲು ಮಕ್ಕಳು ಓಡಿಬಂದರು. ಹಿಂದೆಯೇ ಹೆಂಗಸರು, ಕಂಕುಳಲ್ಲಿ ವಾಪಸು ಕೊಡುವ ಪುಸ್ತಕಗಳು. ಜೀಪಿನಲ್ಲಿ ಯಜಮಾನನೂ ಬಂದ.

"ಈ ರಸ್ತೆ ನನ್ನದು. ಗಾಡಿ ತಿರುಗಿಸು."

"ನಿಮ್ಮ ರಸ್ತೆ ಸರಪಳಿಯ ಆಚೆಗಿದೆ, ಅದನ್ನ ನಾನು ಮುಟ್ಟಿಲ್ಲ. ಈಚೆಗಿರೋದು ಎಲ್ಲರ ರಸ್ತೆ. ಓದೋರಿಗೆ ಕಾಲಿದೆ, ದಾಟಿ ಬರ್ತಾರೆ."

"ನಿನ್ನ ಕೆಲಸ ಉಳಿಯಲ್ಲ, ನೆನಪಿಟ್ಕೋ."

"ಆಗ್ಲಿ. ಇವತ್ತು ಇದೆಯಲ್ಲ, ಇವತ್ತಿನ ಪುಸ್ತಕ ಕೊಟ್ಟೇ ಹೋಗ್ತೀನಿ."

ಅವನು ಜೀಪಿನ ಪಕ್ಕದಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತು, ಯಾರ್ಯಾರು ಬಂದರೆಂದು ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿದ. ಕೆಲವರು ಅಲ್ಲಿಂದಲೇ ಹಿಂದಿರುಗಿದರು. ಜಲ್ಲಿ ಒಡೆಯುವವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸರಪಳಿ ದಾಟಿದಳು. ಅವಳ ಹಿಂದೆ ಉಳಿದವರು ದಾಟಿದರು.

ಮರುದಿನ ಗ್ರಂಥಾಲಯದಲ್ಲಿ ಗಾಡಿಯ ಕೀ ಕಿತ್ತುಕೊಂಡು ದೊಡ್ಡಮ್ಮನನ್ನು ಅಮಾನತು ಮಾಡಿದರು.

ಮನೆಗೆ ಬಂದವಳು ನೇರ ಪಾತ್ರೆ ತೊಳೆಯಲು ಕೂತಳು. ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ಉಜ್ಜಿದಳು. ಅವಳ ತಂಗಿ, ಅಂದರೆ ನನ್ನ ಅಮ್ಮ, ಸುದ್ದಿ ಕೇಳಿ ನನ್ನನ್ನೂ ಎಳೆದುಕೊಂಡು ಓಡಿಬಂದಳು.

"ಅಕ್ಕಾ, ಊರಿಗಿಲ್ಲದ ಉಸಾಬರಿ ನಿನಗ್ಯಾಕೆ ಬೇಕಿತ್ತು? ಹೋಗಿ ಒಂದು ಮಾತು ಹೇಳಿ ಬಾ. ದೊಡ್ಡೋರು, ಮರೆತುಬಿಡ್ತಾರೆ."

"ಏನಂತ ಹೇಳ್ಲಿ? ಅವರು ಸತ್ರೆ ಸಾಯಲಿ, ನನಗೆ ನನ್ನ ಗಾಡಿ ಕೊಡಿ ಅಂತಲಾ?" ಎಂದಳು ದೊಡ್ಡಮ್ಮ. ಅವಳ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. ಅದು ದುಃಖದ ನೀರಾಗಿರಲಿಲ್ಲ. ಮೈಯೆಲ್ಲ ಉರಿದು ಬಂದದ್ದು.

ಮೂಲೆಯಲ್ಲಿ ಹಲಗೆಗೆ ತೋಪಡ ಹೊಡೆದು ನಯ ಮಾಡುತ್ತಿದ್ದ ದೊಡ್ಡಪ್ಪ ತಲೆಯೆತ್ತದೆ ಕೇಳಿದ. "ನಮ್ಮ ಮನೇಲಿ ಎಷ್ಟು ಜನರಿಗೆ ಗ್ರಂಥಾಲಯದ ಕಾರ್ಡಿದೆ?"

ಯಾರಿಗೂ ತಟ್ಟನೆ ಅರ್ಥವಾಗಲಿಲ್ಲ. ದೊಡ್ಡಮ್ಮ ಪಾತ್ರೆ ಕೆಳಗಿಟ್ಟಳು.

ಆ ವಾರ ನಮ್ಮ ಬಂಧುಬಳಗವೆಲ್ಲ ಗ್ರಂಥಾಲಯದ ಸದಸ್ಯರಾದೆವು. ಚಿಕ್ಕಪ್ಪ, ಅತ್ತೆ, ದೊಡ್ಡಮ್ಮನ ಭಾವ, ನಾದಿನಿ, ಜನ್ಮದಲ್ಲಿ ಪುಸ್ತಕ ಮುಟ್ಟದ ಸೋದರಮಾವ ಕೂಡ. ನಮ್ಮ ಹೆಸರಲ್ಲಿ ಪುಸ್ತಕ ಪಡೆದು ದೊಡ್ಡಮ್ಮನ ಕೈಗೆ ಕೊಟ್ಟೆವು. ಕೌಂಟರಿನಲ್ಲಿ ಕೂರುವ ಗುಮಾಸ್ತೆ ಎಲ್ಲ ಗೊತ್ತಿದ್ದೂ ಮುಖ ಬಿಗಿದುಕೊಂಡು ಠಪ್ ಠಪ್ ಅಂತ ಮೊಹರು ಒತ್ತಿದಳು. ಸೋದರಮಾವ ಹೆರಿಗೆ ಮತ್ತು ಬಾಣಂತಿ ಆರೈಕೆಯ ಪುಸ್ತಕ ತೆಗೆದುಕೊಂಡಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. "ಯಾವಾಗ ಮಾವಾ, ದಿನ ಹತ್ರ ಬಂತಾ?" ಎಂದು ಕೇಳಿಯೇಬಿಟ್ಟಳು. ದೊಡ್ಡಪ್ಪ ತನ್ನ ಮರ ಸಾಗಿಸುವ ಮೂರುಚಕ್ರದ ಗಾಡಿಗೆ ಪೆಟ್ಟಿಗೆಯೊಂದನ್ನು ಕೂರಿಸಿಕೊಟ್ಟ. ದೊಡ್ಡಮ್ಮ ಅದನ್ನು ತುಳಿದುಕೊಂಡು, ಏರು ಬಂದಲ್ಲಿ ಇಳಿದು ತಳ್ಳಿಕೊಂಡು, ಸರಪಳಿಯ ತನಕ ಹೋಗಿಬರತೊಡಗಿದಳು.

ಅಷ್ಟರಲ್ಲಿ ಗ್ರಂಥಾಲಯದಲ್ಲಿ ಸಾರ್ವಜನಿಕ ಸಭೆಯೊಂದು ಕೂಡಿತು. ಹಳ್ಳಿಗಳ ಗ್ರಂಥಾಲಯ ಸೇವೆಯ ಧ್ಯೇಯವೇನು, ಗುರಿಗಳೇನು ಎಂಬುದನ್ನು ಹೊಸದಾಗಿ ಬರೆಯಬೇಕಿತ್ತು. ಅದಕ್ಕೆ ಜನರ ಅಭಿಪ್ರಾಯ ಕೇಳಬೇಕೆಂಬ ನಿಯಮವಿತ್ತು. ಇಂಥ ಸಭೆಗೆ ಯಾರೂ ಬರುವುದಿಲ್ಲವೆಂದು ವಾಚನಾಲಯದಲ್ಲಿ ಕುರ್ಚಿಗಳನ್ನು ಮುಂದಿನ ಸಾಲಿಗೆ ಮಾತ್ರ ಹಾಕಿದ್ದರು. ಆದರೆ ದೊಡ್ಡಮ್ಮ ತನ್ನ ದಾರಿಯ ಹಳ್ಳಿಗಳಿಗೆಲ್ಲ ಸುದ್ದಿ ಮುಟ್ಟಿಸಿದ್ದಳು. ಜನ ಬಂದು ಗೋಡೆಯುದ್ದಕ್ಕೂ ನಿಂತರು, ಕಿಟಕಿಗಳಲ್ಲಿ ಕೂತರು. ಲೈನಿನವರು ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು.

ಸಮಿತಿಯ ಅಧ್ಯಕ್ಷರು ಕರಡು ಓದಿದರು. "ಗ್ರಾಮೀಣ ಸಮುದಾಯದ ಸರ್ವತೋಮುಖ ಸಬಲೀಕರಣಕ್ಕಾಗಿ ಜ್ಞಾನದ ಸಮಾನ ಅವಕಾಶವನ್ನು ಕಲ್ಪಿಸುವುದು ನಮ್ಮ ಧ್ಯೇಯ."

ಚಪ್ಪಾಳೆ ಮುಗಿಯುವ ಮೊದಲೇ ದೊಡ್ಡಮ್ಮ ಎದ್ದಳು. "ಒಂದು ಮಾತು ಸಾರ್. ಈ ಗ್ರಾಮೀಣ ಸಮುದಾಯದಲ್ಲಿ ಕ್ವಾರಿ ಲೈನು ಬರುತ್ತೋ ಇಲ್ವೋ?"

"ಅದೆಲ್ಲ ವಿವರ, ಆಮೇಲೆ ನೋಡೋಣ."

"ಈಗಲೇ ನೋಡಿ. ಬರಲ್ಲ ಅಂದ್ರೆ ಹಾಗಂತ ಬರೀರಿ. ಎಲ್ಲರಿಗೂ ಸಮಾನ, ಕ್ವಾರಿಯವರಿಗೆ ಇಲ್ಲ ಅಂತ ಬರೀರಿ. ಓದಿಕೊಂಡು ಮನೆಗೆ ಹೋಗ್ತೀವಿ."

ಮುಂದಿನ ಸಾಲಿನಲ್ಲಿದ್ದ ಕ್ವಾರಿ ಯಜಮಾನ ತಿರುಗಿದ. "ಅವರು ಪುಸ್ತಕ ವಾಪಸು ಕೊಡೋ ಸ್ಥಿತಿ ನೋಡಿದ್ದೀರಾ ನೀವು? ಹಾಳೆ ಹಾಳೆಯಲ್ಲೂ ಕೊಳೆ."

ಜಲ್ಲಿ ಒಡೆಯುವವಳು ಗೋಡೆ ಬಿಟ್ಟು ಮುಂದೆ ಬಂದಳು. "ಹೌದು, ಕೊಳೆ ಆಗುತ್ತೆ. ನಾವು ಇರೋದೇ ದೂಳಲ್ಲಿ. ಊಟದಲ್ಲಿ ದೂಳು, ಹಾಸಿಗೇಲಿ ದೂಳು, ನಮ್ಮ ಮನೆಯವರ ಎದೇಲಿ ದೂಳು. ಪುಸ್ತಕ ಒಂದಕ್ಕೇ ಹೇಗೆ ಹತ್ತದೆ ಇರುತ್ತೆ? ದೂಳು ನಿಲ್ಲಿಸಿ ಯಜಮಾನ್ರೇ, ಪುಸ್ತಕ ತಂತಾನೇ ಚೊಕ್ಕಟವಾಗಿರುತ್ತೆ."

ಯಜಮಾನನ ಮುಖ ಕೆಂಪೇರಿತು. ಇದೇ ಮಾತು ನಡೆಯುವುದಾದರೆ ಕಟ್ಟಡಕ್ಕೆ ತನ್ನ ಕಡೆಯಿಂದ ಇನ್ನೊಂದು ಕಲ್ಲೂ ಬರುವುದಿಲ್ಲ ಎಂದ. ಅಧ್ಯಕ್ಷರು ಗ್ರಂಥಪಾಲಕರ ಕಡೆ ನೋಡಿದರು, ಹೇಗಾದರೂ ತೇಪೆ ಹಾಕಪ್ಪಾ ಎನ್ನುವ ಹಾಗೆ. ಗ್ರಂಥಪಾಲಕರು ಎದ್ದು ನಿಂತರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ಆ ದೂಳಿನ ಕಾಯಿಲೆಯ ಪುಸ್ತಕ ಡ್ರೈವರಮ್ಮ ಮನೆಯಿಂದ ತಂದದ್ದಲ್ಲ. ಗ್ರಂಥಾಲಯದ್ದು. ಅದನ್ನ ಕೊಂಡವನು ನಾನು. ಬಹಳ ಕಾಲ ಕಪಾಟಲ್ಲೇ ಇತ್ತು, ಯಾರಿಗೆ ಬೇಕೋ ಅವರ ಕೈಗೆ ಸೇರಿರಲಿಲ್ಲ." ಅಧ್ಯಕ್ಷರ ಕಡೆ ತಿರುಗಿ ಹೇಳಿದರು: "ಅಮಾನತು ಮಾಡೋದಾದ್ರೆ ನನ್ನನ್ನೂ ಮಾಡಿ."

ಆಮೇಲೆ ಸಭೆ ಯಾರ ಹಿಡಿತಕ್ಕೂ ಸಿಗಲಿಲ್ಲ. ಕೆರೆ ದಂಡೆಯ ಹಳ್ಳಿಯವರು, ಇಟ್ಟಿಗೆ ಭಟ್ಟಿಯವರು, ಎಲ್ಲ ಒಟ್ಟಿಗೆ ಬಾಯಿ ತೆರೆದರು: ಇವತ್ತು ಅವರ ನಿಲುಗಡೆ ಹೋದರೆ ನಾಳೆ ನಮ್ಮದು. ಕೊನೆಗೆ ಕೈಯೆತ್ತಿಸಿ ಧ್ಯೇಯದ ಕೆಳಗೆ ಒಂದು ಮಾತು ಸೇರಿಸಬೇಕಾಯಿತು. ಯಾರು ಯಾವ ಪುಸ್ತಕ ಕೇಳಿದರೂ ತಲುಪಿಸುವುದು, ಯಾರದೇ ಮಾತಿಗೆ ಕಟ್ಟುಬಿದ್ದು ಯಾವ ಊರನ್ನೂ ಬಿಡದಿರುವುದು. ಕರಡಿನ ಭಾಷೆಗೆ ಅದು ಹೊಂದುವುದಿಲ್ಲವೆಂದು ಅಧ್ಯಕ್ಷರು ಗೊಣಗಿದರು. ಹೊಂದದಿದ್ದರೂ ಉಳಿಯಿತು.

ಲೈನಿನ ನಿಲುಗಡೆ ಮತ್ತೆ ಶುರುವಾಯಿತು, ಸರಪಳಿಯ ಈಚೆಗೇ. ಯಜಮಾನ ದಾನ ನಿಲ್ಲಿಸಿದ. ಹೊಸ ಕಟ್ಟಡದ ಅರ್ಧಕ್ಕೆ ಇವತ್ತಿಗೂ ತಗಡಿನ ಚಾವಣಿ. ಲೈನಿನವರು ಸರ್ಕಾರಕ್ಕೆ ದೂರು ಕೊಟ್ಟು, ತಪಾಸಣೆಯವರು ಬಂದುಹೋದ ಮೇಲೆ ಡ್ರಿಲ್ಲಿಂಗಿಗೆ ನೀರಿನ ಪೈಪು ಬಂತು. ಜಲ್ಲಿ ಒಡೆಯುವವಳ ಗಂಡನಿಗೆ ಅದು ತಡವಾಗಿತ್ತು. ಅವನ ಎದೆ ಮೊದಲಿನಂತಾಗಲಿಲ್ಲ. ಬಾಗಿಲಲ್ಲಿ ಕೂತು, ಮಗಳು ಓದುವುದನ್ನು ಕೇಳುತ್ತಾನೆ.

ದೊಡ್ಡಮ್ಮನ ಅಮಾನತು ಸುಲಭಕ್ಕೆ ಬಗೆಹರಿಯಲಿಲ್ಲ. ತಪ್ಪಾಯಿತೆಂದು ಒಂದೇ ಒಂದು ಸಾಲು ಬರೆದುಕೊಟ್ಟರೆ ಕೀ ಕೊಡುತ್ತೇವೆ ಎಂದರು. "ಆ ಒಂದು ಸಾಲು ನನ್ನ ಕೈಗೆ ಬರಲ್ಲ" ಎಂದಳು. ಅವರು ಬಗ್ಗಲಿಲ್ಲ, ಇವಳೂ ಬಗ್ಗಲಿಲ್ಲ. ಅವರು ಇಟ್ಟುಕೊಂಡ ಹೊಸ ಡ್ರೈವರು ಗುಡ್ಡದ ಏರಿನಲ್ಲಿ ಗಾಡಿಯನ್ನು ಚರಂಡಿಗಿಳಿಸಿ ಓಡಿಹೋದ ಮೇಲೆ, ಯಾವ ಸಾಲೂ ಇಲ್ಲದೆ ಕರೆದು ಕೀ ಕೊಟ್ಟರು.

ಈಗ ಸಮಿತಿಯಲ್ಲಿ ಹಳ್ಳಿಗಳ ಕಡೆಯಿಂದ ಆ ಜಲ್ಲಿ ಒಡೆಯುವವಳೇ ಕೂರುತ್ತಾಳೆ. ದೊಡ್ಡಮ್ಮನಿಗೂ ಅವಳಿಗೂ ದಿನ ಬೆಳಗಾದರೆ ಜಗಳ. ಇಟ್ಟಿಗೆ ಭಟ್ಟಿಯ ಆಚೆ ಹೊಸದೊಂದು ನಿಲುಗಡೆ ಬೇಕೆಂದು ಅವಳ ಹಟ. ಆ ದಾರಿಯಲ್ಲಿ ಹೋದರೆ ಗಾಡಿಯ ಅಚ್ಚು ಮುರಿಯುತ್ತದೆ ಎಂದು ಇವಳ ವಾದ. ಮೊನ್ನೆ ನನ್ನೆದುರೇ ಶುರುವಾಯಿತು.

"ಹೋಗೋಕಾಗಲ್ಲ ಅಂತ ನೀನೇ ಅಂದ್ರೆ ಹೇಗಕ್ಕಾ?"

"ರಸ್ತೆ ಅನ್ನೋದು ಇರಬೇಕಲ್ಲೇ ಅಲ್ಲಿ!"

"ಅಲ್ಲಿ ಓದೋರಿದ್ದಾರೆ. ರಸ್ತೆ ನೀನು ನೋಡ್ಕೋ."

ದೊಡ್ಡಮ್ಮ ಗೊಣಗುತ್ತಾ ಗಾಡಿಯ ಕೆಳಗೆ ತೂರಿ ಸ್ಪ್ರಿಂಗ್ ಪಟ್ಟಿಗಳನ್ನು ತಟ್ಟಿ ನೋಡತೊಡಗಿದಳು.